ನೊಬೆಲ್ ಬಂದ 'ಉಪವಾಸ ಚಿಕಿತ್ಸೆ' ನಿಜವಾ? ಅಮ್ಮ ಕೀಮೋ ನಡುವೆ ರಾತ್ರಿ ಊಟ ಬಿಟ್ಟಿದ್ದಾರೆ

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಬಯಾಲಜಿ ಓದಿದವರು, ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರಿಸಿ.

ಅಮ್ಮನಿಗೆ 58 ವರ್ಷ. ಸ್ತನ ಕ್ಯಾನ್ಸರ್. ಆಪರೇಷನ್ ಆಗಿದೆ, ಕೀಮೋ ನಡೆಯುತ್ತಿದೆ, ಮೂರನೆಯದು ಮುಗಿಯಿತು. ಎರಡು ವಾರದ ಹಿಂದೆ ಸೋದರಮಾವ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಕಳಿಸಿದರು. ಜಪಾನಿನ ವಿಜ್ಞಾನಿಯೊಬ್ಬರಿಗೆ 2016ರಲ್ಲಿ ನೊಬೆಲ್ ಬಂತಂತೆ. 16 ಗಂಟೆ ಉಪವಾಸ ಇದ್ದರೆ ದೇಹವೇ ಕ್ಯಾನ್ಸರ್ ಕೋಶಗಳನ್ನು ತಿಂದುಹಾಕುತ್ತದಂತೆ. ಅದರ ಹೆಸರು ಆಟೊಫ್ಯಾಗಿಯಂತೆ.

ಅವತ್ತಿನಿಂದ ಅಮ್ಮ ಮಧ್ಯಾಹ್ನ ಎರಡಕ್ಕೆ ಊಟ ಮಾಡಿದರೆ ಮತ್ತೆ ತಿನ್ನುವುದು ಮರುದಿನ ಬೆಳಿಗ್ಗೆ ಎಂಟಕ್ಕೇ. ತೂಕ ಮೂರು ಕೆಜಿ ಇಳಿದಿದೆ. ಬೇಡ ಅಂದರೆ "ನೊಬೆಲ್ ಸುಮ್ನೆ ಕೊಡ್ತಾರಾ?" ಅಂತ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ. ಡಾಕ್ಟರನ್ನು ಕೇಳೋಣ ಅಂದರೆ ನಮ್ಮ ಸರದಿ ಬಂದಾಗ ಸಿಗುವುದು ಎರಡು ನಿಮಿಷ. ಚೆನ್ನಾಗಿ ತಿನ್ನಿ ಅಂತ ಹೇಳಿ ಮುಂದಿನ ಫೈಲ್ ತೆಗೆಯುತ್ತಾರೆ.

ಆ ವಿಜ್ಞಾನಿ ನಿಜವಾಗಿ ಏನು ಕಂಡುಹಿಡಿದರು? ಅಮ್ಮ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವರು. ಬರೀ ಸುಳ್ಳು ಅಂದರೆ ಒಪ್ಪುವುದಿಲ್ಲ, ಕಾರಣ ಹೇಳಬೇಕು.

ನರ್ಸಕ್ಕ
ವಿಜ್ಞಾನ ಆಮೇಲೆ. ಕೀಮೋ ನಡುವೆ ಎರಡು ವಾರದಲ್ಲಿ ಮೂರು ಕೆಜಿ ಇಳಿಯುವುದು ಸಣ್ಣ ಮಾತಲ್ಲ. ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಫೋನ್ ಮಾಡಿ ತೂಕದ ವಿಷಯ ತಿಳಿಸಿ. ಡಾಕ್ಟರಿಗೆ ಸಮಯ ಇಲ್ಲದಿದ್ದರೆ ಡಯಟಿಷಿಯನ್ ಹತ್ತಿರ ಸಮಯ ಕೇಳಿ ಪಡೆಯಿರಿ. ಉಪವಾಸದ ವಿಷಯ ಮುಚ್ಚಿಡಬೇಡಿ.

ಲ್ಯಾಬ್‌ಕೋಟು
ನಾನು ಯೀಸ್ಟ್ ಮೇಲೆಯೇ ಆರು ವರ್ಷ ಕೆಲಸ ಮಾಡಿದವನು. ಹಾಗಾಗಿ ಇದನ್ನು ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಅಮ್ಮನಿಗೆ ಓದಿ ಹೇಳಿ.

ಆ ವಿಜ್ಞಾನಿ ಯೊಶಿನೊರಿ ಓಸುಮಿ. 2016ರ ವೈದ್ಯಕೀಯ ನೊಬೆಲ್ ಅವರೊಬ್ಬರಿಗೇ ಬಂತು, ಅದು ನಿಜ. 1988ರಲ್ಲಿ, 43ನೇ ವಯಸ್ಸಿನಲ್ಲಿ, ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಸಣ್ಣದೊಂದು ಸ್ವಂತ ಲ್ಯಾಬ್ ಶುರು ಮಾಡಿದರು. ಯೀಸ್ಟ್ ಕೋಶದೊಳಗೆ ವ್ಯಾಕ್ಯೂಲ್ ಅಂತ ಒಂದು ಚೀಲ ಇದೆ. ಅದು ಬರೀ ಕಸದ ಬುಟ್ಟಿ ಅಂತ ಹೆಚ್ಚಿನವರು ಅದರ ಗೋಜಿಗೇ ಹೋಗುತ್ತಿರಲಿಲ್ಲ. ಓಸುಮಿ ಅದನ್ನೇ ಹಿಡಿದರು.

ಅವರ ಉಪಾಯ ಬಹಳ ಸರಳ. ವ್ಯಾಕ್ಯೂಲಿನೊಳಗೆ ಪ್ರೋಟೀನ್ ಕರಗಿಸುವ ಕಿಣ್ವಗಳಿರುತ್ತವೆ. ಆ ಕಿಣ್ವಗಳೇ ಇಲ್ಲದ ಯೀಸ್ಟ್ ತಳಿ ತೆಗೆದುಕೊಂಡು, ಅದಕ್ಕೆ ಆಹಾರ ಕೊಡದೆ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಕುಳಿತರು. ಕೆಲವೇ ಗಂಟೆಗಳಲ್ಲಿ ವ್ಯಾಕ್ಯೂಲಿನ ತುಂಬ ಸಣ್ಣ ಸಣ್ಣ ಉಂಡೆಗಳು ತುಂಬಿಕೊಂಡು ಕುಣಿಯತೊಡಗಿದವು. ಕೋಶ ತನ್ನದೇ ಒಳಗಿನ ಸಾಮಾನನ್ನು ಪೊಟ್ಟಣ ಕಟ್ಟಿ ಅಲ್ಲಿಗೆ ಕಳಿಸಿತ್ತು. ಕಿಣ್ವ ಇಲ್ಲದ್ದರಿಂದ ಪೊಟ್ಟಣ ಕರಗದೆ ಕಣ್ಣಿಗೆ ಬಿತ್ತು. 1992ರಲ್ಲಿ ಇದು ಪ್ರಕಟವಾಯಿತು. 1993ರಲ್ಲಿ ಈ ಕೆಲಸ ಕೆಟ್ಟುಹೋದ ಯೀಸ್ಟ್ ತಳಿಗಳನ್ನು ಹುಡುಕಿ, ಅದಕ್ಕೆ ಬೇಕಾದ 15 ಜೀನ್‌ಗಳ ಸುಳಿವು ಹಿಡಿದರು. ಅದೇ ಜೀನ್‌ಗಳ ಬಳಗ ಮನುಷ್ಯನಲ್ಲೂ ಇದೆ ಅಂತ ಆಮೇಲೆ ಗೊತ್ತಾಯಿತು. ನೊಬೆಲ್ ಬಂದದ್ದು ಈ ಕೆಲಸಕ್ಕೆ.

ಇದರಲ್ಲಿ ರೋಗಿ ಇಲ್ಲ, ಡಯಟ್ ಇಲ್ಲ, 16 ಗಂಟೆ ಇಲ್ಲ. ಇನ್ನೊಂದು ಮುಖ್ಯ ವಿಷಯ: ಆಟೊಫ್ಯಾಗಿ ಅಂದರೆ ಪ್ರತಿ ಕೋಶ ತನ್ನ ಒಳಗಿನದನ್ನು ತಾನೇ ತಿನ್ನುವುದು. ಒಂದು ಕೋಶ ಪಕ್ಕದ ಕೆಟ್ಟ ಕೋಶವನ್ನು ಹುಡುಕಿಕೊಂಡು ಹೋಗಿ ತಿನ್ನುವುದಲ್ಲ.

ಅಡಕೆತೋಟ
ಯೀಸ್ಟ್ ಅಂದರೆ ನಮ್ಮ ಇಡ್ಲಿ ಹಿಟ್ಟು ಹುದುಗಿಸುತ್ತದಲ್ಲ, ಅದೇನಾ?

ಬೆಣ್ಣೆಬನ್
ಇಡ್ಲಿ ಹಿಟ್ಟಿನಲ್ಲಿ ಹೆಚ್ಚು ಕೆಲಸ ಮಾಡುವುದು ಬ್ಯಾಕ್ಟೀರಿಯಾ, ಮೊಸರಿನ ಬ್ಯಾಕ್ಟೀರಿಯಾದ ದಾಯಾದಿಗಳು. ಓಸುಮಿ ಬಳಸಿದ್ದು ಬೇಕರಿ ಯೀಸ್ಟ್. ಬ್ರೆಡ್ಡು, ಬನ್ನು ಉಬ್ಬಿಸುವುದು ಅದೇ.

ಉಡುಪಿರಥಬೀದಿ
ನನ್ನದು ಬೇರೆ ಅಭಿಪ್ರಾಯ. ನಮ್ಮ ಅಜ್ಜಿ ತೊಂಬತ್ತು ದಾಟುವವರೆಗೂ ಒಂದು ಏಕಾದಶಿ ಬಿಡಲಿಲ್ಲ. ತಿಂಗಳಿಗೆ ಎರಡು ದಿನ, ನೀರೂ ಮುಟ್ಟುತ್ತಿರಲಿಲ್ಲ. ಕ್ಯಾನ್ಸರ್, ಶುಗರ್ ಯಾವುದೂ ಹತ್ತಿರ ಸುಳಿಯಲಿಲ್ಲ. ಹಿರಿಯರು ಕಂಡುಕೊಂಡದ್ದನ್ನು ವಿಜ್ಞಾನ ಈಗ ಹೇಳುತ್ತಿದೆ. ಆಹಾರ ಕೊಡದಿದ್ದಾಗ ಯೀಸ್ಟಿನಲ್ಲಿ ಈ ಆಟೊಫ್ಯಾಗಿ ನಡೆಯಿತು ಅಂತ ನೀವೇ ಬರೆದಿದ್ದೀರಿ, ಅಲ್ವಾ? ಹಾಗಾದರೆ ಅಮ್ಮ ಮಾಡುತ್ತಿರುವುದು ತಪ್ಪು ಹೇಗೆ?

ಲ್ಯಾಬ್‌ಕೋಟು
ಅಜ್ಜಿಯ ಬಗ್ಗೆ ಗೌರವ ಇದೆ ಸರ್. ಆದರೆ ಅವರು ಆರೋಗ್ಯವಂತರು. ಈ ಅಮ್ಮ ಕೀಮೋದಲ್ಲಿದ್ದಾರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಉಪವಾಸದಲ್ಲಿ ಆಟೊಫ್ಯಾಗಿ ಏರುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇದೆ, ಇಲಿಗಳಲ್ಲಿ. 2004ರಲ್ಲಿ ನೊಬೊರು ಮಿಜುಶಿಮಾ, ಇವರೂ ಓಸುಮಿ ಲ್ಯಾಬಿನಲ್ಲಿ ಪಳಗಿದವರು, ಆಟೊಫ್ಯಾಗಿಯ ಪೊಟ್ಟಣ ಹಸಿರಾಗಿ ಹೊಳೆಯುವಂಥ ಇಲಿಗಳನ್ನು ಮಾಡಿದರು. 24 ಗಂಟೆ ಆಹಾರ ಕೊಡದಿದ್ದಾಗ ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ, ಹೃದಯದಲ್ಲಿ ಹಸಿರು ಚುಕ್ಕಿ ಹೆಚ್ಚಾದವು. ಆದರೆ ಎಲ್ಲ ಅಂಗಗಳಲ್ಲೂ ಒಂದೇ ವೇಗದಲ್ಲಿ, ಒಂದೇ ಪ್ರಮಾಣದಲ್ಲಿ ಆಗಲಿಲ್ಲ. ಅಷ್ಟು ಸಣ್ಣ ಪ್ರಾಣಿಗೆ ಒಂದು ದಿನದ ಹಸಿವು ಅಂದರೆ ದೊಡ್ಡ ಪೆಟ್ಟು. ಅದನ್ನು ನಮ್ಮ ಒಂದು ದಿನಕ್ಕೆ ಸಮ ಅನ್ನಲು ಆಗುವುದಿಲ್ಲ. ಮನುಷ್ಯನ ಅಂಗಾಂಗಗಳೊಳಗೆ ಇದನ್ನು ಅಳೆಯುವುದು ತುಂಬ ಕಷ್ಟ. 16ನೇ ಗಂಟೆಗೆ ಶುರುವಾಗುತ್ತದೆ ಅಂತ ಯಾರೂ ಅಳೆದು ತೋರಿಸಿಲ್ಲ.

ಹುಬ್ಬಳ್ಳಿ ಮೇಷ್ಟ್ರು
ಆಟೊಫ್ಯಾಗಿಗೆ ಕನ್ನಡ ಪದ ಬೇಕು ರೀ. 'ಸ್ವಭಕ್ಷಣೆ' ಅಂತ ಕೆಲವರು ಬರೆಯುತ್ತಾರೆ. ಕೇಳಿದರೆ ಭಯ ಆಗುತ್ತದೆ. 'ಒಳಗಿನ ಮರುಬಳಕೆ' ಅಂದರೆ ಹೇಗೆ?

ಬೆಣ್ಣೆಬನ್
ಮೂಲ ಪದದ ಅರ್ಥವೂ ಅದೇ ಮೇಷ್ಟ್ರೇ. ಗ್ರೀಕಿನಲ್ಲಿ ಆಟೊ ಅಂದರೆ ತಾನು, ಫ್ಯಾಗಿ ಅಂದರೆ ತಿನ್ನುವುದು. 1963ರಲ್ಲಿ ಬೆಲ್ಜಿಯಮ್ಮಿನ ಕ್ರಿಶ್ಚಿಯನ್ ಡಿ ಡ್ಯೂವ್ ಕೊಟ್ಟ ಹೆಸರು. ಕೋಶದ ಕಸ ಕರಗಿಸುವ ಲೈಸೊಸೋಮ್ ಕಂಡುಹಿಡಿದವರೂ ಅವರೇ, 1974ರಲ್ಲಿ ನೊಬೆಲ್ ಬಂತು. ಆದರೆ ನಿಮ್ಮ 'ಮರುಬಳಕೆ' ನನಗೆ ಇಷ್ಟವಾಯಿತು.

ಅಡಕೆತೋಟ
ನಮ್ಮ ಕಡೆ ಹಳೇ ಮನೆ ಬಿಚ್ಚಿದರೆ ಏನೂ ಎಸೆಯುವುದಿಲ್ಲ. ತೊಲೆ, ಜಂತಿ, ಹೆಂಚು, ಬಾಗಿಲ ಚೌಕಟ್ಟು ಎಲ್ಲ ಹೊಸ ಮನೆಗೋ ಕೊಟ್ಟಿಗೆಗೋ ಹೋಗುತ್ತದೆ. ಕೋಶ ಮಾಡುವುದೂ ಅದನ್ನೇ ಅಂತ ಆಯಿತು.

ಲ್ಯಾಬ್‌ಕೋಟು
@ಅಡಕೆತೋಟ ಅಣ್ಣ, ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಲೆಕ್ಕವನ್ನೂ ಕೇಳಿ, ಗಣಿತದ ಅಮ್ಮನಿಗೆ ಹಿಡಿಸಬಹುದು. ನಾವು ದಿನಕ್ಕೆ ತಿನ್ನುವ ಪ್ರೋಟೀನ್ ಸುಮಾರು 70 ಗ್ರಾಂ. ದೇಹ ದಿನಕ್ಕೆ ಹೊಸದಾಗಿ ಕಟ್ಟುವ ಪ್ರೋಟೀನ್ 200 ಗ್ರಾಂಗೂ ಹೆಚ್ಚು. ಮಿಕ್ಕದ್ದು ಎಲ್ಲಿಂದ ಬಂತು? ಹಳೇ ಪ್ರೋಟೀನ್ ಬಿಚ್ಚಿದ್ದರಿಂದ. ನೀವು ಹೊಟ್ಟೆ ತುಂಬ ಉಂಡ ದಿನವೂ ಈ ಬಿಚ್ಚುವ ಕೆಲಸ ನಿಲ್ಲುವುದಿಲ್ಲ.

ಕೆಂಪುಮಣ್ಣು
ಬಿಚ್ಚುವ ಕೆಲಸಕ್ಕೆ ಕೋಶದಲ್ಲಿ ಇನ್ನೊಂದು ದಾರಿಯೂ ಇದೆ, ಅದನ್ನೂ ಹೇಳಬೇಕು. ಅಪ್ಪನಿಗೆ ಮಲ್ಟಿಪಲ್ ಮೈಲೋಮಾ, ಅಂದರೆ ಮೂಳೆ ಮಜ್ಜೆಯ ಒಂದು ಬಗೆಯ ರಕ್ತ ಕ್ಯಾನ್ಸರ್, ಬಂದಾಗ ನಾನು ಕುಳಿತು ಓದಿದ್ದು ಇದು.

ಆಟೊಫ್ಯಾಗಿ ಅಂದರೆ ದೊಡ್ಡ ಸಾಮಾನು ಹೊತ್ತು ಹಾಕುವ ಲಾರಿ. ಒಂದೊಂದೇ ಪ್ರೋಟೀನನ್ನು ಆರಿಸಿ ಪುಡಿ ಮಾಡುವ ಗಿರಣಿ ಬೇರೆ, ಅದರ ಹೆಸರು ಪ್ರೋಟಿಯಸೋಮ್. ಯಾವ ಪ್ರೋಟೀನ್ ಪುಡಿಯಾಗಬೇಕೋ ಅದಕ್ಕೆ ಕೋಶ ಮೊದಲು ಯುಬಿಕ್ವಿಟಿನ್ ಅಂತ ಚೀಟಿ ಅಂಟಿಸುತ್ತದೆ. ಚೀಟಿ ಇದ್ದದ್ದು ಮಾತ್ರ ಗಿರಣಿಯೊಳಗೆ ಹೋಗುತ್ತದೆ. ಇಸ್ರೇಲಿನ ಆವ್ರಾಮ್ ಹರ್ಶ್ಕೋ, ಆರನ್ ಚೀಕನೋವರ್ ಮತ್ತು ಅಮೆರಿಕದ ಅರ್ವಿನ್ ರೋಸ್ ಅವರಿಗೆ 2004ರ ರಸಾಯನಶಾಸ್ತ್ರ ನೊಬೆಲ್ ಬಂದದ್ದು ಇದಕ್ಕೆ.

ಮೈಲೋಮಾ ಕೋಶಗಳು ಪ್ರೋಟೀನನ್ನು ಹುಚ್ಚು ಹಿಡಿದ ಹಾಗೆ ತಯಾರಿಸುತ್ತವೆ. ಗಿರಣಿ ನಿಂತರೆ ಕಸ ತುಂಬಿಕೊಂಡು ಸಾಯುತ್ತವೆ. ಬೊರ್ಟೆಜೊಮಿಬ್ ಅನ್ನುವ ಔಷಧ ಆ ಗಿರಣಿಯನ್ನೇ ನಿಲ್ಲಿಸುತ್ತದೆ. ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಸಿಕ್ಕಿದ್ದು. ಅಪ್ಪನಿಗೆ ಹೊಟ್ಟೆಯ ಚರ್ಮದಡಿ ಆ ಇಂಜೆಕ್ಷನ್ ಕೊಡುತ್ತಿದ್ದರು. ಪಾದ ಜೋಮು ಹಿಡಿದು ರಾತ್ರಿ ನಿದ್ದೆ ಇರಲಿಲ್ಲ. ನಾನು ಕಾಲು ಒತ್ತುತ್ತಾ ಕೂರುತ್ತಿದ್ದೆ. ಆದರೆ ಆ ಔಷಧದಿಂದ ಅಪ್ಪ ನಮ್ಮ ಜೊತೆ ಇನ್ನೂ ನಾಲ್ಕು ವರ್ಷ ಇದ್ದರು. ತಂಗಿಯ ಮದುವೆ ನೋಡಿದರು. ಮೂಲ ವಿಜ್ಞಾನದಿಂದ ಏನು ಲಾಭ ಅಂತ ಯಾರಾದರೂ ಕೇಳಿದರೆ ನನಗೆ ಆ ನಾಲ್ಕು ವರ್ಷ ನೆನಪಾಗುತ್ತದೆ.

ಸೂಜಿಮಲ್ಲಿಗೆ
@ಕೆಂಪುಮಣ್ಣು ನಿಮ್ಮ ಮಾತು ಓದಿ ಕಣ್ಣು ತುಂಬಿತು. ಈ ಚೀಟಿಯ ವಿಷಯ ಗರ್ಭಕಂಠದ ಕ್ಯಾನ್ಸರಿಗೂ ಬರುತ್ತದಲ್ವಾ? ಎಚ್‌ಪಿವಿ ವೈರಸ್ ಏನೋ ಮೋಸ ಮಾಡುತ್ತದೆ ಅಂತ ಕೇಳಿದ್ದೆ.

ಲ್ಯಾಬ್‌ಕೋಟು
ಹೌದು ಮೇಡಂ. ಪಿ53 ಅಂತ ನಮ್ಮ ಕೋಶದ ಕಾವಲುಗಾರ ಪ್ರೋಟೀನ್. ಡಿಎನ್‌ಎ ಕೆಟ್ಟರೆ ಕೋಶ ಒಡೆದು ಎರಡಾಗುವುದನ್ನು ತಡೆಯುತ್ತದೆ. ಅಪಾಯಕಾರಿ ಎಚ್‌ಪಿವಿಯ ಇ6 ಅನ್ನುವ ಪ್ರೋಟೀನ್ ನಮ್ಮ ಕೋಶದ್ದೇ ಒಂದು ಕಿಣ್ವವನ್ನು ಜೊತೆಗೆ ಎಳೆದುಕೊಂಡು ಹೋಗಿ ಈ ಪಿ53ಗೆ ಚೀಟಿ ಅಂಟಿಸುತ್ತದೆ. ಕಾವಲುಗಾರನೇ ಗಿರಣಿಗೆ ಹೋಗುತ್ತಾನೆ. ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕಿಸಿ ಅಂತ ಹೇಳುವುದು ಇದಕ್ಕೇ. ವೈರಸ್ ಒಳಗೇ ಬರದಿದ್ದರೆ ಈ ಕಥೆ ಶುರುವಾಗುವುದಿಲ್ಲ.

ತುಂಗಾತೀರ
ಎಲ್ಲರಿಗೂ ತುಂಬಾ ಧನ್ಯವಾದ. ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡಿದೆ. ಗುರುವಾರ ಡಯಟಿಷಿಯನ್ ಸಿಗುತ್ತಾರೆ. ಮೇಲಿನದ್ದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಅವರ ಪ್ರಶ್ನೆ ಇದು: ಆಟೊಫ್ಯಾಗಿ ಕೋಶವನ್ನು ಶುಚಿ ಮಾಡುತ್ತದೆ ಅಂದಮೇಲೆ ಕ್ಯಾನ್ಸರ್ ಕಡಿಮೆ ಆಗಬೇಕಲ್ಲ? ಯಾರೂ ಅದನ್ನು ಪರೀಕ್ಷೆ ಮಾಡಿಲ್ವಾ?

ಬೆಣ್ಣೆಬನ್
ಮಾಡಿದ್ದಾರೆ. ಅಮ್ಮನಿಗೆ ಹೇಳಬೇಕಾದ ಹೆಸರು ಬೆತ್ ಲೆವಿನ್. ಅವರ ಕಥೆ ನನಗೆ ಬಹಳ ಹತ್ತಿರ.

ಲೆವಿನ್ ಅಮೆರಿಕದ ವೈದ್ಯೆ. ಮೊದಲು ಕೆಲಸ ಮಾಡುತ್ತಿದ್ದದ್ದು ಮಿದುಳಿಗೆ ಹತ್ತುವ ವೈರಸ್ ಮೇಲೆ. ಕೋಶ ಸಾಯದಂತೆ ತಡೆಯುವ ಬಿಸಿಎಲ್-2 ಅನ್ನುವ ಪ್ರೋಟೀನಿಗೆ ಯಾವುದು ಅಂಟಿಕೊಳ್ಳುತ್ತದೆ ಅಂತ ಹುಡುಕುವಾಗ 1998ರಲ್ಲಿ ಹೊಸ ಪ್ರೋಟೀನ್ ಸಿಕ್ಕಿತು. ಬೆಕ್ಲಿನ್ 1 ಅಂತ ಹೆಸರಿಟ್ಟರು. ನೋಡಿದರೆ ಅದು ಯೀಸ್ಟಿನ ಆಟೊಫ್ಯಾಗಿ ಜೀನಿನ ಮನುಷ್ಯ ರೂಪ! ಸ್ತನ ಕ್ಯಾನ್ಸರಿನ ಒಂದು ಬಗೆಯ ಕೋಶಗಳಲ್ಲಿ ಅದು ಕಡಿಮೆ ಇತ್ತು. ಅವುಗಳಿಗೆ ಬೆಕ್ಲಿನ್ ತುಂಬಿದಾಗ ಆಟೊಫ್ಯಾಗಿ ಏರಿತು, ಇಲಿಗಳಲ್ಲಿ ಗೆಡ್ಡೆ ಬೆಳೆಯುವುದು ಕಡಿಮೆಯಾಯಿತು. 1999ರಲ್ಲಿ ಇದು ಪ್ರಕಟವಾಯಿತು. ಆಟೊಫ್ಯಾಗಿಯನ್ನೂ ಕ್ಯಾನ್ಸರನ್ನೂ ಗಟ್ಟಿಯಾಗಿ ಜೋಡಿಸಿದ ಮೊದಲ ಕೆಲಸ ಅದು. 2003ರಲ್ಲಿ, ಬೆಕ್ಲಿನ್‌ನ ಎರಡು ಪ್ರತಿಗಳಲ್ಲಿ ಒಂದನ್ನು ಕಳೆದುಕೊಂಡ ಇಲಿಗಳಿಗೆ ತಾನಾಗಿಯೇ ಗೆಡ್ಡೆಗಳು ಜಾಸ್ತಿ ಬಂದವು ಅಂತ ಎರಡು ತಂಡಗಳು ತೋರಿಸಿದವು.

ಹಾಗಾಗಿ ಅಮ್ಮನ ತರ್ಕದಲ್ಲಿ ಹುರುಳಿದೆ. ಕ್ಯಾನ್ಸರ್ ಹುಟ್ಟುವ ಮೊದಲು ಈ ಶುಚಿ ಕೆಲಸ ನಮ್ಮನ್ನು ಕಾಪಾಡುತ್ತದೆ ಅನ್ನುವುದಕ್ಕೆ ಪುರಾವೆ ಇದೆ.

ಲೆವಿನ್ ಅವರಿಗೂ ಸ್ತನ ಕ್ಯಾನ್ಸರ್ ಇತ್ತು. 2020ರ ಜೂನ್‌ನಲ್ಲಿ ಅದರಿಂದಲೇ ತೀರಿಕೊಂಡರು, 60 ವರ್ಷ. ಆಟೊಫ್ಯಾಗಿಯ ಬಗ್ಗೆ ಅವರಷ್ಟು ತಿಳಿದವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ರಾತ್ರಿ ಊಟ ಬಿಟ್ಟರೆ ಆ ರೋಗ ಹೋಗುವ ಹಾಗಿದ್ದರೆ ಅವರಿಗೆ ಗೊತ್ತಿರುತ್ತಿರಲಿಲ್ವಾ?

ಲ್ಯಾಬ್‌ಕೋಟು
ಒಂದು ತಿದ್ದುಪಡಿ. ಬೆಕ್ಲಿನ್ ವಿಷಯ ಅಷ್ಟು ನೇರ ಇಲ್ಲ. ಅದರ ಜೀನ್ 17ನೇ ಕ್ರೋಮೊಸೋಮಿನಲ್ಲಿ ಬಿಆರ್‌ಸಿಎ1 ಪಕ್ಕದಲ್ಲೇ ಇದೆ. ಬಿಆರ್‌ಸಿಎ1 ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಹೆಸರಾಂತ ಜೀನ್. ಗೆಡ್ಡೆಗಳಲ್ಲಿ ಆ ತುಂಡು ಕಳೆದುಹೋದಾಗ ಎರಡೂ ಒಟ್ಟಿಗೆ ಹೋಗುತ್ತವೆ. 2014ರಲ್ಲಿ ಅಮೆರಿಕದ ಸಂಶೋಧಕಿ ಐಲೀನ್ ವೈಟ್ ಮತ್ತು ಸಂಗಡಿಗರು ಸಾವಿರಾರು ಗೆಡ್ಡೆಗಳ ಮಾಹಿತಿ ಮತ್ತೆ ನೋಡಿ, ಮನುಷ್ಯರಲ್ಲಿ ನಿಜವಾದ ನಷ್ಟ ಬಿಆರ್‌ಸಿಎ1ದು, ಬೆಕ್ಲಿನ್ ಜೊತೆಗೆ ಹೋದದ್ದಷ್ಟೇ ಅಂತ ವಾದಿಸಿದರು.

ಬೆಣ್ಣೆಬನ್
ಅದು ಗೊತ್ತು. ಆದರೆ ಇಲಿಗಳಲ್ಲಿ ಬಿಆರ್‌ಸಿಎ1ನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಗೆಡ್ಡೆ ಬಂತು. ಅದನ್ನು ಹೇಗೆ ತಳ್ಳಿಹಾಕುತ್ತೀರಿ?

ಲ್ಯಾಬ್‌ಕೋಟು
ತಳ್ಳಿಹಾಕುತ್ತಿಲ್ಲ. ಇಲಿಯಲ್ಲಿ ಕಂಡದ್ದು ಮನುಷ್ಯನ ಗೆಡ್ಡೆಯಲ್ಲಿ ಹಾಗೇ ಇರಬೇಕಿಲ್ಲ ಅಂತ ಹೇಳುತ್ತಿದ್ದೇನೆ, ಅಷ್ಟೇ. ಇನ್ನು ಅಮ್ಮನಿಗೆ ಬೇಕಾದ ಮುಖ್ಯ ಕಾರಣ ಹೇಳುತ್ತೇನೆ.

ಹಸಿವಾದಾಗ ಎಲ್ಲ ಕೋಶಗಳಲ್ಲೂ ಈ ಯಂತ್ರ ಚಾಲೂ ಆಗಬಹುದು ಅಂದರೆ, ಕ್ಯಾನ್ಸರ್ ಕೋಶವೂ ಕೋಶವೇ. ಅದರೊಳಗೂ ಯಂತ್ರ ಇದೆ. ಗೆಡ್ಡೆಯ ನಡುಭಾಗಕ್ಕೆ ರಕ್ತ ಸರಿಯಾಗಿ ಹೋಗುವುದಿಲ್ಲ, ಆಮ್ಲಜನಕ ಇಲ್ಲ, ಊಟ ಇಲ್ಲ. ಅಲ್ಲಿನ ಕೋಶಗಳು ತಮ್ಮ ಹಳೇ ಸಾಮಾನು ಬಿಚ್ಚಿ ತಿಂದು ಬದುಕುತ್ತವೆ. 2011ರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಆಟೊಫ್ಯಾಗಿ ಇಲ್ಲದೆ ಬೆಳೆಯಲಾರದು ಅಂತ ಕಂಡುಬಂತು. ಅದಕ್ಕೇ ಡಾಕ್ಟರುಗಳು ಗೆಡ್ಡೆಯ ಆಟೊಫ್ಯಾಗಿಯನ್ನು ತಡೆಯಲು ನೋಡುತ್ತಿದ್ದಾರೆ. ವಾಟ್ಸಾಪ್ ಮೆಸೇಜ್ ಹೇಳುವುದಕ್ಕೆ ಪೂರ್ತಿ ಉಲ್ಟಾ.

ಸೂಜಿಮಲ್ಲಿಗೆ
ತಡೆಯುವ ಔಷಧ ಯಾವುದು?

ಲ್ಯಾಬ್‌ಕೋಟು
ಹೈಡ್ರಾಕ್ಸಿಕ್ಲೋರೋಕ್ವಿನ್. ಲೈಸೊಸೋಮಿನ ಹುಳಿ ತೆಗೆದುಬಿಡುತ್ತದೆ. ಹುಳಿ ಇಲ್ಲದಿದ್ದರೆ ಕಸ ಕರಗುವುದಿಲ್ಲ.

ಸೂಜಿಮಲ್ಲಿಗೆ
ಅಯ್ಯೋ, ಅದು ನಮ್ಮ ಅತ್ತೆ ಸಂಧಿವಾತಕ್ಕೆ ದಿನಾ ತೆಗೆದುಕೊಳ್ಳುವ ಮಾತ್ರೆ! ಕೋವಿಡ್ ಸಮಯದಲ್ಲಿ ಅಂಗಡಿಯಲ್ಲೇ ಸಿಗದೆ ಒದ್ದಾಡಿದ್ದೆವು. ಹಾಗಾದರೆ ಕ್ಯಾನ್ಸರಿಗೂ ಅದನ್ನೇ ಕೊಡಬಹುದಲ್ಲ?

ಬೆಣ್ಣೆಬನ್
ದಯವಿಟ್ಟು ಯಾರೂ ತಾವಾಗಿ ತೆಗೆದುಕೊಳ್ಳಬೇಡಿ. ಹೃದಯದ ಬಡಿತಕ್ಕೆ, ಕಣ್ಣಿನ ರೆಟಿನಾಗೆ ತೊಂದರೆ ಮಾಡಬಲ್ಲ ಮಾತ್ರೆ ಅದು. ಇನ್ನು ಗುಣದ ವಿಷಯ. ಅಮೆರಿಕದಲ್ಲಿ ಮುಂದುವರಿದ ಮೇದೋಜೀರಕ ಗ್ರಂಥಿ ಕ್ಯಾನ್ಸರ್ ಇದ್ದ 112 ಜನರ ಮೇಲೆ ಪ್ರಯೋಗ ಮಾಡಿದರು, 2019ರಲ್ಲಿ ಪ್ರಕಟವಾಯಿತು. ಕೀಮೋ ಜೊತೆ ಈ ಮಾತ್ರೆ ಕೊಟ್ಟವರಲ್ಲಿ ಗೆಡ್ಡೆ ಕುಗ್ಗಿದವರು ಹೆಚ್ಚಿದ್ದರು. ಆದರೆ ಒಂದು ವರ್ಷದ ನಂತರ ಬದುಕಿದ್ದವರ ಸಂಖ್ಯೆ ಹೆಚ್ಚಲಿಲ್ಲ.

ಉಡುಪಿರಥಬೀದಿ
ನಾನು ಎರಡು ದಿನ ಓದಿಕೊಂಡು ಬಂದೆ. ನೀವೆಲ್ಲ ಒಂದೇ ಕಡೆ ಮಾತಾಡುತ್ತಿದ್ದೀರಿ. ನೆದರ್‌ಲ್ಯಾಂಡ್ಸ್‌ನಲ್ಲಿ ಸ್ತನ ಕ್ಯಾನ್ಸರ್ ರೋಗಿಗಳಿಗೇ ಕೀಮೋ ಜೊತೆ ಉಪವಾಸದಂಥ ಆಹಾರ ಕೊಟ್ಟು ನೋಡಿದ್ದಾರೆ. 2020ರಲ್ಲಿ ಪ್ರಕಟವಾಗಿದೆ, 131 ಜನ. ಗೆಡ್ಡೆ ಕುಗ್ಗುವುದಕ್ಕೆ ಸಹಾಯವಾಗಿರಬಹುದು ಅಂತ ಅದರಲ್ಲಿದೆ. ಅದನ್ನು ಯಾಕೆ ಯಾರೂ ಹೇಳಲಿಲ್ಲ?

ಲ್ಯಾಬ್‌ಕೋಟು
ಒಳ್ಳೆಯ ಪ್ರಶ್ನೆ ಸರ್, ಹೇಳಬೇಕಿತ್ತು. ಆ ಪ್ರಯೋಗದಲ್ಲಿ ಕೀಮೋಗೆ ಮೊದಲ ಮೂರು ದಿನ ಮತ್ತು ಕೀಮೋ ದಿನ ಮಾತ್ರ ಅಳೆದು ತಯಾರಿಸಿದ ಕಡಿಮೆ ಕ್ಯಾಲರಿ ಆಹಾರ ಕೊಟ್ಟರು. ಮಿಕ್ಕ ದಿನ ಎಂದಿನ ಊಟ. ತೀರಾ ಸಣಕಲು ಇದ್ದವರನ್ನು ಸೇರಿಸಿಕೊಳ್ಳಲಿಲ್ಲ. ಡಾಕ್ಟರ ಕಣ್ಗಾವಲು ಇತ್ತು. ಅಷ್ಟಿದ್ದೂ ಹೆಚ್ಚಿನವರಿಗೆ ಕೊನೆಯ ಸುತ್ತಿನವರೆಗೆ ಪಾಲಿಸಲು ಆಗಲಿಲ್ಲ. ಕೀಮೋದ ಅಡ್ಡಪರಿಣಾಮದಲ್ಲೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಈ ಸಂಶೋಧನೆ ಮುಂದುವರಿಯಲಿ, ನನಗೂ ಕುತೂಹಲ ಇದೆ. ಆದರೆ ಡಾಕ್ಟರಿಗೆ ಹೇಳದೆ ಮನೆಯಲ್ಲಿ ದಿನಾ 18 ಗಂಟೆ ಹಸಿದಿರುವುದು ಆ ಪ್ರಯೋಗ ಅಲ್ಲ.

ಉಡುಪಿರಥಬೀದಿ
ಡಾಕ್ಟರಿಗೆ ಹೇಳದೆ ಮಾಡುವುದು ತಪ್ಪು, ಅದನ್ನು ಒಪ್ಪುತ್ತೇನೆ. ನಮ್ಮಲ್ಲೂ ರೋಗಿಗೆ, ಬಸುರಿಗೆ, ಮಕ್ಕಳಿಗೆ ಏಕಾದಶಿ ಕಡ್ಡಾಯ ಇಲ್ಲ. ಅಜ್ಜಿಯೇ ಜ್ವರ ಬಂದವರಿಗೆ ಗಂಜಿ ಕುಡಿಸುತ್ತಿದ್ದರು.

ನರ್ಸಕ್ಕ
ಅಜ್ಜಿ ಸರಿಯಾಗಿಯೇ ಮಾಡಿದ್ದಾರೆ. ವಾರ್ಡಿನಲ್ಲಿ ನಾನು 19 ವರ್ಷದಿಂದ ನೋಡುತ್ತಿದ್ದೇನೆ. ಕ್ಯಾನ್ಸರಿನಲ್ಲಿ ಮೈ ಇಳಿಯುವುದು ಬರೀ ಕೊಬ್ಬಲ್ಲ, ಸ್ನಾಯು ಕರಗುತ್ತದೆ. ಸ್ನಾಯು ಕರಗಿದರೆ ಕೀಮೋ ತಡೆಯುವ ಶಕ್ತಿ ಹೋಗುತ್ತದೆ. ಆಗ ಡೋಸ್ ಕಡಿಮೆ ಮಾಡಬೇಕಾಗುತ್ತದೆ, ಇಲ್ಲವೇ ಮುಂದೂಡಬೇಕಾಗುತ್ತದೆ. ನಿಜವಾದ ನಷ್ಟ ಅಲ್ಲಿದೆ.

ಅಮ್ಮನಿಗೆ ಒಂದೇ ಸಲ ತಟ್ಟೆ ತುಂಬ ಬಡಿಸಬೇಡಿ. ವಾಂತಿ ಬರುವ ಹಾಗಿದ್ದರೆ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ಆರಿದ ಊಟ ಒಳ್ಳೆಯದು, ಬಿಸಿ ಊಟದ ವಾಸನೆಗೇ ಹೊಟ್ಟೆ ತೊಳೆಸುತ್ತದೆ. ರಾಗಿ ಗಂಜಿ, ಹೆಸರುಬೇಳೆ ತೊವ್ವೆ, ಮನೆಯಲ್ಲೇ ಹೆಪ್ಪು ಹಾಕಿದ ಮೊಸರಿನ ಅನ್ನ, ತಿನ್ನುವವರಾದರೆ ಚೆನ್ನಾಗಿ ಬೇಯಿಸಿದ ಮೊಟ್ಟೆ. ಹೊರಗಿನ ಹಸಿ ಕೋಸಂಬರಿ, ಹೆಚ್ಚಿಟ್ಟ ಹಣ್ಣು ಈಗ ಬೇಡ. ಬಾಯಿ ಹುಣ್ಣಾಗಿದ್ದರೆ ಹುಳಿ, ಖಾರ ಬಿಡಿ.

ಮಲೆನಾಡ ಮಳೆ
ನಾನು ಶಿವಮೊಗ್ಗದಲ್ಲಿ ಬಿಎಸ್ಸಿ ಕೊನೇ ವರ್ಷ ಓದುತ್ತಿದ್ದೇನೆ. ನಮ್ಮ ಪಠ್ಯದಲ್ಲಿ ಆಟೊಫ್ಯಾಗಿ ಬಗ್ಗೆ ಇರುವುದು ಅರ್ಧ ಪುಟ. ಇದನ್ನು ಕರ್ನಾಟಕದಲ್ಲಿ ಯಾರಾದರೂ ಮಾಡುತ್ತಿದ್ದಾರಾ?

ಬೆಣ್ಣೆಬನ್
ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ನೋಡಿ ತಮ್ಮಾ. ಅಲ್ಲಿ ರವಿ ಮಂಜಿತ್ತಾಯ ಅವರ ಆಟೊಫ್ಯಾಗಿ ಲ್ಯಾಬ್ ಇದೆ. ಶುರು ಮಾಡುವುದು ಯೀಸ್ಟಿನಿಂದಲೇ. ಆ ಕೇಂದ್ರದಲ್ಲಿ ವಿದ್ಯಾರ್ಥಿಗಳಿಗೆ ಬೇಸಿಗೆ ಫೆಲೋಶಿಪ್ ಕೂಡ ಇದೆ.

ಮಲೆನಾಡ ಮಳೆ
ತಮ್ಮ ಅಲ್ಲ, ತಂಗಿ. ತುಂಬಾ ಥ್ಯಾಂಕ್ಸ್ ಅಣ್ಣ, ಅರ್ಜಿ ಹಾಕುತ್ತೇನೆ.

ತುಂಗಾತೀರ
ಡಯಟಿಷಿಯನ್ ಹತ್ತಿರ ಹೋಗಿ ಬಂದೆವು. ಅರ್ಧ ಗಂಟೆ ಕೂರಿಸಿ ಮಾತಾಡಿದರು. ತೂಕ ಇನ್ನಷ್ಟು ಇಳಿದರೆ ನಾಲ್ಕನೇ ಕೀಮೋ ಮುಂದೂಡಬೇಕಾಗುತ್ತದೆ ಅಂತ ಡಾಕ್ಟರೂ ಹೇಳಿದರು.

ಅಮ್ಮನಿಗೆ ಹಿಡಿಸಿದ ಮಾತು ಎರಡು. ಒಂದು, ಕ್ಯಾನ್ಸರ್ ಕೋಶಕ್ಕೂ ಅದೇ ಯಂತ್ರ ಇದೆ ಅನ್ನುವುದು. ಅದು ಲೆಕ್ಕ ಸರಿಹೋಗುತ್ತದೆ ಅಂದರು. ಇನ್ನೊಂದು, ಬೆತ್ ಲೆವಿನ್ ಅವರದು. ಅದನ್ನು ಓದಿದಾಗ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಅವರ ಫೋಟೋ ಇದ್ದರೆ ತೋರಿಸು ಅಂದರು, ತೋರಿಸಿದೆ. ಆಮೇಲೆ ಮಾವನಿಗೆ ಅವರೇ ಫೋನ್ ಮಾಡಿ ಕಾಲು ಗಂಟೆ ಯೀಸ್ಟ್ ಪಾಠ ಮಾಡಿದರು.

ನಿನ್ನೆ ರಾತ್ರಿ ಎಂಟಕ್ಕೆ ಅರ್ಧ ಲೋಟ ರಾಗಿ ಗಂಜಿ, ಒಂಬತ್ತೂವರೆಗೆ ನಾಲ್ಕು ಚಮಚ ಮೊಸರನ್ನ. @ನರ್ಸಕ್ಕ, ಗಂಜಿಗೆ ಮಜ್ಜಿಗೆ ಹಾಕಬಹುದಾ? ಬಾಯಿ ಸ್ವಲ್ಪ ಉರಿಯುತ್ತದೆ ಅನ್ನುತ್ತಿದ್ದಾರೆ.

ನರ್ಸಕ್ಕ
ಮಜ್ಜಿಗೆ ಹುಳಿ ಇರಬಾರದು, ಆಗಷ್ಟೇ ಕಡೆದದ್ದೇ ಆಗಬೇಕು. ಇಲ್ಲದಿದ್ದರೆ ಕಾಯಿಸಿ ಆರಿಸಿದ ಹಾಲು ಹಾಕಿ. ಬಾಯೊಳಗೆ ಬಿಳಿ ಮಚ್ಚೆ ಇದೆಯಾ ನೋಡಿ ಹೇಳಿ, ಇದ್ದರೆ ಇವತ್ತೇ ಆಸ್ಪತ್ರೆಗೆ ತಿಳಿಸಬೇಕು.